ಪಡ್ಡಿನ ಹಂಚಿನಲ್ಲಿ ಕರಗಿದ ಹಸಿರು

ಹೊಸಪೇಟೆಯಲ್ಲಿ ಕಾಲೇಜು ಓದುವಾಗ ನಾವೊಂದಿಷ್ಟು ಜನ ಸೇವಾ ಬಳಗ ಕಟ್ಟಿಕೊಂಡಿದ್ದೆವು. ಸೇವೆ ಮಾಡುವ ಹುಮ್ಮಸ್ಸು ಎಷ್ಟಿತ್ತೆಂದರೆ, ಮಾಡಿಸಿಕೊಳ್ಳುವವರ ಮಾತು ಕೇಳಲು ಪುರುಸೊತ್ತೇ ಇರಲಿಲ್ಲ. ಆ ವರ್ಷ ಮನೆಮನೆ ಸುತ್ತಿ, ಮಕ್ಕಳು ಬಳಸಿ ಬಿಟ್ಟ ಕ್ರೇಯಾನ್ ತುಂಡುಗಳನ್ನು ಕೂಡಿಸಿದೆವು. ಅವನ್ನು ಕರಗಿಸಿ, ಹೊಸದಾಗಿ ಅಚ್ಚು ಹಾಕಿ, ಸಂಡೂರಿನ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಒಂದು ಶಾಲೆಗೆ ಕೊಡಬೇಕಿತ್ತು.

ಶಾಲೆಯ ಮೇಡಂ ಫೋನಿನಲ್ಲಿ ಕೇಳಿದ್ದು ಒಂದೇ. "ಹಸಿರು ಒಂದೀಟು ಜಾಸ್ತಿ ತರ್ರಿ. ಹುಡುಗ್ರು ಗೋಡಿಗೆ ಹಚ್ಚಾಕ ಗಿಡದ ಚಿತ್ರ ಬರೀತಾರ. ಇಲ್ಲಿ ಗಿಡದ ಮ್ಯಾಲೆ ಬರೀ ಕೆಂಪು ಧೂಳು ಐತ್ರಿ."

ನಮ್ಮೂರಿನ ಜನ ಧಾರಾಳಿಗಳು. ಅವರ ಮಕ್ಕಳು ಮುಟ್ಟಿಯೂ ನೋಡದ ಬಿಳಿ ಕ್ರೇಯಾನ್‌ಗಳನ್ನು ಕೈತುಂಬ ಕೊಟ್ಟರು. ಹಸಿರು ಮಾತ್ರ ಎಲ್ಲರ ಮನೆಯಲ್ಲೂ ಉಗುರಿನಷ್ಟೇ ಉಳಿದಿತ್ತು. ನಾನು ಅವನ್ನು ಒಂದೊಂದಾಗಿ ಆರಿಸಿ ಬೇರೆ ಬಟ್ಟಲಿನಲ್ಲಿ ಇಟ್ಟಿದ್ದೆ.

ಅಚ್ಚಿಗೆಂದು ನಮ್ಮವ್ವನ ಪಡ್ಡಿನ ಹಂಚು ತಂದಿದ್ದೆ. ಗುಳಿಗೊಂದು ಬಣ್ಣ ಎಂದು ಮಾತಾಗಿತ್ತು. ಅಷ್ಟರಲ್ಲಿ ಬಳಗದ ಅಧ್ಯಕ್ಷರು ಬಂದರು. ನನ್ನದೇ ತರಗತಿಯ ಹುಡುಗ, ಆದರೆ ಆ ವರ್ಷ ಬಹುವಚನದಲ್ಲೇ ಕರೆಯಬೇಕಿತ್ತು. ಶಾಲೆಯ ಕಾರ್ಯಕ್ರಮಕ್ಕೆ ಕರೆದಿದ್ದ ಮುಖ್ಯ ಅತಿಥಿಗಳಿಗೆ ಅಂದೇ ಮಧ್ಯಾಹ್ನ ತೋರಣಗಲ್ಲಿನಲ್ಲಿ ಇನ್ನೊಂದು ಸನ್ಮಾನ ಇತ್ತಂತೆ.

"ಹಿಂಗ ಒಂದೊಂದ ಆರ್ಸಿಕೊಂತ ಕುಂತ್ರ ಆತು ಬಿಡು! ಎಲ್ಲಾ ಒಂದ ಬೋಗುಣ್ಯಾಗ ಹಾಕ್ರಿ, ಜಲ್ದಿ," ಎಂದು ನನ್ನ ಬಟ್ಟಲನ್ನೂ ಅದರೊಳಗೆ ಸುರಿದರು.

"ಬ್ಯಾಡಲೇ, ಅದು ಹಸಿರು!" ಎಂದು ಕೂಗಿದೆ. ಬಹುವಚನ ಮರೆತೇಹೋಗಿತ್ತು.

ಎಲ್ಲ ಬಣ್ಣಗಳೂ ಭೇದಭಾವ ಮರೆತು ಒಂದಾದವು. ಗುಳಿಗಳಿಂದ ಎದ್ದು ಬಂದ ಉಂಡೆಗಳೆಲ್ಲ ಅದಿರಿನಂಥ ಕಂದು. ಹಂಚು ನೋಡಿ ಅವ್ವ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಶಾಲೆಯಲ್ಲಿ ಕಾರ್ಯಕ್ರಮ ಭರ್ಜರಿಯಾಗಿಯೇ ನಡೆಯಿತು. ಶಾಲು, ಹಾರ, ಮಕ್ಕಳ ಬಾಳಿಗೆ ಬಣ್ಣ ತುಂಬುವ ಬಗ್ಗೆ ಅತಿಥಿಗಳ ಉದ್ದನೆಯ ಭಾಷಣ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಷ್ಟರಲ್ಲಿ ನಾವು ಹಂಚಿದ ಉಂಡೆಯಿಂದ ಬೇವಿನ ಗಿಡ ಬರೆದು ಮುಗಿಸಿದ್ದಳು. ಕಾಂಡ ಕಂದು, ಎಲೆಯೂ ಕಂದು. ನನಗೆ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

ಅತಿಥಿಗಳಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಹಾಳೆ ಎತ್ತಿ ಎಲ್ಲರಿಗೂ ತೋರಿಸಿದರು. "ನೋಡ್ರಿ, ತನ್ನ ಊರಿನ ಗಿಡ ಹೆಂಗೈತೋ ಹಂಗ ಬರದೈತಿ ಕೂಸು. ಭಾಳ ಛಲೋ!"

ನಮ್ಮ ಬಳಗ ಚಪ್ಪಾಳೆ ತಟ್ಟಿತು. ಅದು ನಿಲ್ಲುವವರೆಗೂ ಕಾದಿದ್ದ ಹುಡುಗಿ, ಉಂಡೆಯನ್ನು ಅವರ ಕೈಗೇ ವಾಪಸ್ಸು ಕೊಟ್ಟಳು.

"ಈ ಬಣ್ಣ ನಮ್ಮಲ್ಲಿ ಐತ್ರಿ. ಹಸಿರು ಕೊಡ್ರಿ."