ಹೊಳೆದಂಡೆಯ ಕೊನೆ ಮನೆಯವರು

ಓದುಗರೆಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸು ಪಾಸಾಗಿದ್ದೇ ಇಪ್ಪತ್ತೇಳನೇ ವಯಸ್ಸಿಗೆ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ನಡೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

೨೦೧೨ರಲ್ಲಿ ಅಮೆರಿಕದ ಪಸಡೀನಾದಲ್ಲಿ ವಯಸ್ಸಾದ ಒಬ್ಬರನ್ನು ರಾತ್ರಿ ನೋಡಿಕೊಳ್ಳುವ ಕೆಲಸ ನನ್ನದು. ಆರ್ಥರ್ ಅಂತ, ಇಂಗ್ಲೆಂಡಿನವರು. ಹೆಂಡತಿ ಮಕ್ಕಳು ಯಾರೂ ಇಲ್ಲ. ತಾವು ಹುಟ್ಟಿದ ಪುಟ್ಟ ಹಳ್ಳಿಯ ಚರಿತ್ರೆ ಬರೆಯುತ್ತಿದ್ದರು. ಕೈ ನಡುಗುತ್ತಿದ್ದುದರಿಂದ ಹಗಲು ಟೇಪ್ ರೆಕಾರ್ಡರಿಗೆ ಹೇಳುವರು, ಅವರು ಮಲಗಿದ ಮೇಲೆ ನಾನು ಹೆಡ್‌ಫೋನ್ ಹಾಕಿ ಕೇಳಿಕೊಂಡು ಟೈಪ್ ಮಾಡುವೆ.

"ನಾನು ತುಂಬಾ ನಿಧಾನ ಸರ್," ಅಂದಿದ್ದೆ.

"ನಮ್ಮ ಹಳ್ಳಿಯೂ ಹಾಗೇ. ನಡಿಯತ್ತೆ."

ಚರ್ಚಿನಿಂದ ಹೊಳೆಯವರೆಗೆ ಒಂದೊಂದೇ ಮನೆ... ಕಮ್ಮಾರನದು, ಬ್ರೆಡ್ ಮಾಡುವವನದು, ಗಂಟೆ ಹೊಡೆಯುವವನದು. ಹತ್ತಿರದ ವಾಲ್‌ನಟ್ ಊರಿನಿಂದ ನನ್ನಕ್ಕ ಫೋನ್ ಮಾಡಿ ನಗುತ್ತಿದ್ದಳು. "ಏನೋ, ಇಂಗ್ಲೆಂಡಿಗೇ ಶಾನುಭೋಗ ಆಗ್ಬಿಟ್ಯಾ?"

ಹೊಳೆದಂಡೆಯ ಕೊನೆ ಮನೆ ಮಾತ್ರ ಬಾಕಿ ಉಳಿಯಿತು. ಅವರ ಆರನೇ ವಯಸ್ಸಿನಲ್ಲಿ ಒಂದು ರಾತ್ರಿ ಹೊಳೆ ಉಕ್ಕಿ ಆ ಮನೆಯನ್ನು ಜನರ ಸಮೇತ ಕೊಚ್ಚಿಕೊಂಡು ಹೋಗಿತ್ತಂತೆ. ಆ ಜನರ ಹೆಸರು ಅವರಿಗೆ ನೆನಪಾಗುತ್ತಿಲ್ಲ. ಕೇಳೋಣವೆಂದರೆ ಆ ಕಾಲದವರು ಯಾರೂ ಉಳಿದಿಲ್ಲ. ಇನ್ನು ಕೆಲವೇ ವಾರ ಎಂದು ಡಾಕ್ಟರ್ ಬೇರೆ ಹೇಳಿದ್ದರು.

"ಖಾಲಿ ಬಿಡೋಣ ಸರ್."

"ಖಾಲಿ ಬಿಟ್ರೆ ಅವರು ಇರಲೇ ಇಲ್ಲ ಅಂತಾಗತ್ತೆ. ಆ ಮನೆಯಾಕೆ ನನ್ನನ್ನ ಎತ್ತಿ ಆಡಿಸಿದೋಳು ಕಣಯ್ಯ."

ಅವತ್ತು ರಾತ್ರಿ ಎರಡು ಗಂಟೆ ಇರಬೇಕು. ಟೇಪಿನಲ್ಲಿ ಅವರ ಕೆಮ್ಮು... ಆಮೇಲೆ ಮೌನ... ಆಮೇಲೆ ನೀರು ಹರಿಯುವ ಸದ್ದು. ರೂಮಿನಲ್ಲಿ ಹಸಿ ಕೆಸರಿನ ವಾಸನೆ. ಪಸಡೀನಾದಲ್ಲಿ ಮಳೆ ಬಂದು ತಿಂಗಳುಗಳಾಗಿದ್ದವು.

ಆಗ ಒಂದು ಹೆಂಗಸಿನ ದನಿ, ಕಿವಿಯ ಪಕ್ಕದಲ್ಲೇ, ನನ್ನ ಟೈಪಿಂಗಿಗೆ ಕಾಯುವಷ್ಟು ನಿಧಾನವಾಗಿ...

"ಎಲ್ಸಿ... ಟಾಮ್... ರೋಸ್."

ಟೇಪು ಹಿಂದಕ್ಕೆ ಓಡಿಸಿ ಕೇಳಿದೆ. ಬರೀ ಕೆಮ್ಮು. ಒಳಗೆ ಹೋಗಿ ನೋಡಿದರೆ ಅವರು ಗಾಢ ನಿದ್ದೆಯಲ್ಲಿದ್ದರು. ವಾಪಸ್ ಬಂದು ಮೂರೂ ಹೆಸರು ಟೈಪ್ ಮಾಡಿದೆ.

ಬೆಳಿಗ್ಗೆ ಆರ್ಥರ್ ಕಾಗದ ಹಿಡಿದು ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸಿದರು.

"ಹೌದು, ಎಲ್ಸಿ. ಅವಳ ಮಗ ಟಾಮ್. ರೋಸ್ ಯಾರು?"

"ನೀವೇ ಹೇಳಿದ್ದಲ್ವಾ ಸರ್?" ಅಂದೆ.

"ಎಲ್ಸಿಗೊಂದು ಎಳೇ ಕೂಸಿತ್ತು. ಭಾನುವಾರ ಚರ್ಚಿನಲ್ಲಿ ನೀರು ಚಿಮುಕಿಸಿ ಹೆಸರಿಡಬೇಕಿತ್ತು. ಅಲ್ಲೀತನಕ ಹೆಸರು ಯಾರಿಗೂ ಹೇಳಬಾರದು ಅಂತ ಇತ್ತು. ಶುಕ್ರವಾರವೇ ಹೊಳೆ ಬಂತು."

ಅಳಿಸಲೇ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿ, ಕಾಗದವನ್ನು ಮಗುವಿನಂತೆ ಎದೆಗೆ ಒತ್ತಿಕೊಂಡರು.

ಅವರು ಹೋದ ಮೇಲೆ ಪುಸ್ತಕ ಅಚ್ಚಾಗಿ ಆ ಹಳ್ಳಿಗೆ ತಲುಪಿತು. ಆ ಕೂಸಿನ ಹೆಸರು ಎಲ್ಲಿಂದ ಬಂತೆಂದು ಅಲ್ಲಿನ ಯಾರಾದರೂ ಕೇಳಿದರೆ ಏನು ಹೇಳಲಿ? ಇವತ್ತಿಗೂ ರಾತ್ರಿ ಒಬ್ಬನೇ ಕಿವಿಗೆ ಹೆಡ್‌ಫೋನ್ ಹಾಕಲಾರೆ.

ನಿಮಗೂ ಹೀಗೆ ಯಾವುದಾದರೂ ದನಿ ಕೇಳಿದ್ದುಂಟೆ? ಇದ್ದರೆ ಬರೆಯಿರಿ. ನಾನೊಬ್ಬನೇ ಅಲ್ಲ ಅಂತ ಗೊತ್ತಾದರೆ ಸಾಕು.