ಏಳಡಿ ದೋಣಿ, ಏಳೂವರೆ ಅಡಿ ಸುರಂಗ

1981ರಲ್ಲಿ, ಏಳನೆಯ ತರಗತಿಯ ಅರ್ಧದಲ್ಲಿ ನಾನು ಶಾಲೆ ಬಿಟ್ಟೆ. ಬಡತನದಿಂದ ಬಿಟ್ಟೆ ಎಂದರೆ ಕೇಳುವವರಿಗೆ ಸಮಾಧಾನ. ಆದರೆ ನಮ್ಮ ಮನೆಯಲ್ಲಿ ಊಟಕ್ಕೇನೂ ಕೊರತೆ ಇರಲಿಲ್ಲ. ಮಲ್ಪೆಯ ದೋಣಿ ಕಟ್ಟುವ ಶೆಡ್ಡಿನಲ್ಲಿ ಒಬ್ಬ ಮೇಸ್ತ್ರಿ ಹಲಗೆಯನ್ನು ಬೆಂಕಿಗೆ ಹಿಡಿದು ಬಗ್ಗಿಸುವುದನ್ನು ಒಂದು ಮಧ್ಯಾಹ್ನ ನೋಡಿದೆ. ಕರಿಹಲಗೆಯ ಮೇಲಿನ ಭಿನ್ನರಾಶಿಗಿಂತ ಅದು ಹೆಚ್ಚು ನಂಬುವ ಹಾಗಿತ್ತು. ಮಾರನೆಯ ದಿನ ಪುಸ್ತಕದ ಚೀಲ ಹಿಡಿದುಕೊಂಡೇ ಶೆಡ್ಡಿಗೆ ಹೋದೆ. ಚೀಲ ಆಮೇಲೆ ಮೊಳೆ ತುಂಬಲು ಉಪಯೋಗಕ್ಕೆ ಬಂತು.

ಮರ ಹೋಗಿ ಫೈಬರ್ ಬಂತು, ನಾನೂ ಫೈಬರ್ ಕಲಿತೆ. 1996ರಲ್ಲಿ ಒಮಾನಿಗೆ ಬಂದವನು ಬರ್ಕಾದಲ್ಲಿ ಒಂದು ವರ್ಕ್‌ಶಾಪಿಗೆ ಸೇರಿದೆ. ಮೀನುಗಾರರ ಬೋಟು, ಮನೆ ಮೇಲಿನ ನೀರಿನ ಟ್ಯಾಂಕು, ತೋಟಗಳಿಗೆ ತೊಟ್ಟಿ, ಎಲ್ಲವನ್ನೂ ಅಲ್ಲಿ ಮಾಡುತ್ತಿದ್ದೆವು. ಎಂಟು ವರ್ಷ ಆ ವರ್ಕ್‌ಶಾಪನ್ನು ನಡೆಸಿದ್ದು ನಾನೇ. ಅಚ್ಚು ತೆಗೆಯುವುದು ನಾನು, ಜನರನ್ನು ಕೆಲಸಕ್ಕೆ ಹಚ್ಚುವುದು ನಾನು, ಗಿರಾಕಿಯ ಬೈಗುಳ ತಿನ್ನುವುದೂ ನಾನು. ಆದರೆ ಕಾಗದದಲ್ಲಿ ನಾನು ಹೆಲ್ಪರ್. ಫೋರ್‌ಮನ್ ಎಂದು ಬರೆಯಬೇಕಾದರೆ ಹತ್ತನೆಯ ತರಗತಿಯ ಸರ್ಟಿಫಿಕೇಟು ಬೇಕು ಎಂದು ಕಫೀಲರ ಮಗ, ಹೊರದೇಶದಲ್ಲಿ ಓದಿ ಬಂದವನು, ನಿಯಮ ಮಾಡಿದ್ದ. ಹುದ್ದೆ ಖಾಲಿ ಇತ್ತು, ಕೆಲಸ ಮಾತ್ರ ನಡೆಯುತ್ತಿತ್ತು.

ಕಫೀಲ್ ಅಂದರೆ ನಮ್ಮ ಧಣಿ. ನಾವು ಅರ್ಬಾಬ್ ಎಂದು ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ, ಒಂದೇ ದೋಷ ಎಂದರೆ ನೋಡಿದ್ದೆಲ್ಲ ಬೇಕು. 2004ರ ಬೇಸಿಗೆಯಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ಬಂದರು. ಎಲ್ಲರೂ ಅರಮನೆ, ಅಂಗಡಿ ನೋಡಿ ಬಂದರೆ ಇವರು ನೋಡಿ ಬಂದದ್ದು ಕಾಲುವೆ. ಅಲ್ಲಿ ರೈಲಿನ ಡಬ್ಬಿಯ ಹಾಗೆ ಉದ್ದ, ಸಪೂರ ಬೋಟುಗಳಂತೆ, ಅಗಲ ಏಳೇ ಅಡಿಯಂತೆ, ಗುಡ್ಡ ಅಡ್ಡ ಬಂದರೆ ಕಾಲುವೆ ಗುಡ್ಡದೊಳಗೆ ಸುರಂಗವಾಗಿ ಹೋಗುತ್ತದಂತೆ. ಒಳಗೆ ಕತ್ತಲೆ, ಚಳಿ, ತಲೆಯ ಮೇಲೆ ತೊಟ್ಟಿಕ್ಕುವ ನೀರು. ಇದಕ್ಕೆ ದುಡ್ಡು ಕೊಟ್ಟು ಹತ್ತು ದಿನ ಕೂತು ಬಂದಿದ್ದರು. ಫೋಟೋ ತೋರಿಸುವಾಗ ಅವರ ಮುಖ ನೋಡಬೇಕಿತ್ತು.

"ಉಸ್ತಾದ್, ನನ್ನ ತೋಟದಲ್ಲಿ ಇದು ಆಗಬೇಕು," ಎಂದರು. ನಮ್ಮ ಮಾತುಕತೆ ಅರ್ಧ ಹಿಂದಿ, ಅರ್ಧ ಅರಬಿ.

"ಕಾಲುವೆ ಆದೀತು ಅರ್ಬಾಬ್. ಗುಡ್ಡ ಎಲ್ಲಿಂದ ತರುವುದು?"

"ಗುಡ್ಡ ನಾನು ತರುತ್ತೇನೆ."

ತಂದೇ ತಂದರು. ಅವರ ರಸ್ತೆ ಕಂಪನಿಯಲ್ಲಿ ಉಳಿದಿದ್ದ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ ಮೋರಿಗಳನ್ನು ಖರ್ಜೂರದ ಮರಗಳ ನಡುವೆ ಸಾಲಾಗಿ ಜೋಡಿಸಿದರು. ಮೇಲೆ ಲಾರಿಗಟ್ಟಲೆ ಮಣ್ಣು ಸುರಿದರು. ನೂರಿಪ್ಪತ್ತು ಮೀಟರ್ ಸುರಂಗ ತಯಾರಾಯಿತು. ಒಂದು ಹನಿ ಮಳೆಗೆ ಆಕಾಶ ನೋಡುವ ಸೀಮೆಯಲ್ಲಿ, ಸಪಾಟಾದ ನೆಲದ ಮೇಲೆ ಗುಡ್ಡ ಮಾಡಿ, ಅದನ್ನು ಕೊರೆದಂತೆ ನಟಿಸಿ, ಕೊಳವೆಬಾವಿಯ ನೀರು ತುಂಬಿಸುವ ಕೆಲಸ ಅದು. ನಾನು ನಗಲಿಲ್ಲ. ನಗದೇ ಇದ್ದದ್ದಕ್ಕೆ ಕಾರಣ, ಅರ್ಬಾಬ್ ಎಲ್ಲರೆದುರು ಆಡಿದ ಒಂದು ಮಾತು.

"ಬೋಟು ನೀನು ಮಾಡು. ನನ್ನ ದಿಶ್ದಾಶ ಒದ್ದೆಯಾಗದ ಹಾಗೆ ಈ ತುದಿಯಿಂದ ಆ ತುದಿಗೆ ದಾಟಿಸು. ಆಮೇಲೆ ನಿನ್ನ ಸರ್ಟಿಫಿಕೇಟು ಕೇಳುವವನು ನನ್ನ ಹತ್ತಿರ ಬರಲಿ."

ದಿಶ್ದಾಶ ಅವರ ಬಿಳಿ ನಿಲುವಂಗಿ. ಎಂಟು ವರ್ಷದ ಬೆವರಿನಿಂದ ಆಗದೇ ಇದ್ದದ್ದು ಆ ಬಟ್ಟೆಯ ಒಣ ಅಂಚಿನಿಂದ ಆಗುವುದಿತ್ತು.

ಸುರಂಗ ಕಟ್ಟಿಸಿದ ಎಂಜಿನಿಯರ್ ಬಿಜಾಪುರ ಕಡೆಯವರು, ನನಗಿಂತ ಹತ್ತು ವರ್ಷ ಸಣ್ಣವರು. ಹೆಂಡತಿ ಮಕ್ಕಳೊಂದಿಗೆ ಅಲ್ ಹೈಲ್‌ನಲ್ಲಿ ಮನೆ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು, ನನಗೂ ಒಂದು ರೊಟ್ಟಿ ಜಾಸ್ತಿ ಇರುತ್ತಿತ್ತು. ಮನುಷ್ಯ ಚೆನ್ನ, ಡಿಗ್ರಿ ಮಾತ್ರ ನನಗೆ ಆಗಿಬರುತ್ತಿರಲಿಲ್ಲ. ನಾನು ಬೋಟಿನ ಅಚ್ಚಿಗೆ ಗುರುತು ಹಾಕುವಾಗ ಬಂದು ನಿಂತರು.

"ಮೇಸ್ತ್ರಿಯವರ, ಆರು ಅಡಿ ಮಾಡ್ರಿ. ಏಳು ಬ್ಯಾಡ್ರಿ."

"ಅರ್ಬಾಬ್ ಏಳು ಅಂದಿದ್ದಾರೆ. ನಿಮ್ಮ ಮೋರಿ ಏಳೂವರೆ. ಇಬ್ಬದಿ ಮೂರು ಮೂರು ಇಂಚು ಬಿಟ್ಟಿದ್ದೇನೆ ಮಾರಾಯ್ರೆ. ನನ್ನ ಕೈಯಲ್ಲಿ ಮೂರು ಇಂಚು ಅಂದ್ರೆ ಮೂರೇ ಇಂಚು."

"ಗ್ವಾಡಿಗೆ ತಾಗೋ ಮಾತಲ್ರೀ ಇದು. ನೀರಿನ ಮಾತು. ಬೋಟ್ ಮುಂದ ಹೋದ್ರ ಮುಂದಿನ ನೀರು ಹಿಂದಕ ಬರಬೇಕೋ ಬ್ಯಾಡೋ? ಎಲ್ಲಿಂದ ಬರ್ತದ?"

"ನೀರಿಗೆ ನಾವು ದಾರಿ ಹೇಳಿಕೊಡ್ಬೇಕಾ? ನೀವು ನೀರು ನೋಡಿದ್ದು ಬಾವಿಯಲ್ಲಿ. ನಾನು ಹುಟ್ಟಿದ್ದೇ ಅಳಿವೆಯ ಬಾಯಲ್ಲಿ."

"ಬಾವಿಗೇನ್ ಕಮ್ಮೀರಿ," ಎಂದು ನಕ್ಕರು. "ಕುಡ್ಯಾಕ ಬರ್ತದ. ನಿಮ್ಮ ಸಮುದ್ರ ಉಪ್ಪಿಗಷ್ಟ."

ಇನ್ನೆರಡು ಸಲ ಹೇಳಿದರು. ಎರಡು ಸಲವೂ ನಾನು ಬಾವಿಯನ್ನೇ ತೋರಿಸಿದೆ. ಮಾತಿಗಿಂತ ಕೆಲಸ ದೊಡ್ಡದು ಎಂದು ತೋರಿಸಲು, ನೀರು ಬಿಡುವ ಮೊದಲೇ ಬೋಟಿನ ತಳವನ್ನು ಪೈಪುಗಳ ಮೇಲೆ ಉರುಳಿಸಿ ಸುರಂಗದ ಒಳಗಿಂದ ಆಚೆ ತಂದೆ. ಬಣ್ಣ ಒಂದು ಕಡೆಯೂ ಕೆರೆಯಲಿಲ್ಲ. ಹುಡುಗರು ಸೀಟಿ ಹೊಡೆದರು. ಎಂಜಿನಿಯರ್ ಚಪ್ಪಾಳೆ ತಟ್ಟಿ, "ನೆಲದ ಮ್ಯಾಲೆ ಭಾಳ ಚಲೋ ಹೋತ್ರಿ," ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ನವೆಂಬರಿನ ಒಂದು ಶುಕ್ರವಾರ ಸಂಜೆಗೆ ಮುಂಚೆ ಅರ್ಬಾಬ್ ಬಂದರು. ಜೊತೆಯಲ್ಲಿ ಇಬ್ಬರು ಹಳೆಯ ಸ್ನೇಹಿತರು, ಒಬ್ಬರು ದೂರದ ಬುರೈಮಿಯಿಂದ ಇದಕ್ಕೆಂದೇ ಬಂದವರು. ಮೂವರದೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಬೋಟಿನಲ್ಲಿ ಹಾಸಿದ ಕಂಬಳಿಯ ಮೇಲೆ ಕೂತರು, ಮುಂದೆ ಹಲ್ವದ ಬಟ್ಟಲು, ಕಾಫಿಯ ಹೂಜಿ. ಎಂಜಿನಿಯರ್ ಮುಂದಿನ ಚೂಪು ತುದಿಯಲ್ಲಿ ಟಾರ್ಚು ಹಿಡಿದು ನಿಂತರು. ಹಿಂದೆ ಡೀಸೆಲ್ ಎಂಜಿನ್ನಿನ ಪಕ್ಕ ಚುಕ್ಕಾಣಿಯಲ್ಲಿ ನಾನು.

ಕಾಲುವೆಯ ತೆರೆದ ಭಾಗದಲ್ಲಿ ಬೋಟು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಹೊಳೆ ಕಡಲು ಸೇರುವ ಅಳಿವೆಯನ್ನು ದಾಟಿಸುವಾಗ ನಮ್ಮಲ್ಲಿ ಒಂದು ರೂಢಿ, ಬಾಯಿ ಹತ್ತಿರ ಬಂದ ಕೂಡಲೇ ಎಂಜಿನ್ ಏರಿಸಿ ಒಂದೇ ಬೀಸಿಗೆ ನುಗ್ಗಬೇಕು, ಅಳುಕಿದರೆ ಅಲೆ ಅಡ್ಡ ಹಾಕುತ್ತದೆ. ನಾನು ಸುರಂಗದ ಬಾಯಿ ಕಂಡವನೇ ಹಾಗೆಯೇ ಏರಿಸಿದೆ. ಅಲ್ಲಿ ಅಲೆ ಇರಲಿಲ್ಲ ಎನ್ನುವುದು ಕೈಗೆ ಗೊತ್ತಾಗಲಿಲ್ಲ.

ಇಪ್ಪತ್ತು ಮೀಟರ್ ಹೋದ ಮೇಲೆ ಬೋಟು ಭಾರವಾಯಿತು. ಮುಂದೆ ನೀರು ಉಬ್ಬಿ ಗೋಡೆಯ ಹಾಗೆ ಎದ್ದಿತು, ಹಿಂದೆ ಇಳಿಯಿತು. ನಾನು ನಿಂತ ಕಡೆ ಬೋಟಿನ ಹಿಂಭಾಗ ಕುಕ್ಕರಿಸಿ ಕೂತಿತು, ತಳ ಕಾಂಕ್ರೀಟಿಗೆ ತಾಗಿ ಗರಗರ ಎಂದಿತು. ನಾನು ಇನ್ನಷ್ಟು ಏರಿಸಿದೆ. ಅದು ಇನ್ನಷ್ಟು ಕೂತಿತು. ಸುರಂಗದ ನಟ್ಟನಡುವೆ ಬರುವಷ್ಟರಲ್ಲಿ ಎಂಜಿನ್ ಕಿರುಚುತ್ತಿತ್ತು, ಬೋಟು ಅಲ್ಲಾಡುತ್ತಿರಲಿಲ್ಲ. ಡೀಸೆಲ್ ಹೊಗೆಗೆ ಹೋಗಲು ಜಾಗವಿಲ್ಲದೆ ನಮ್ಮನ್ನೇ ಸುತ್ತಿಕೊಂಡಿತು. ಬುರೈಮಿಯವರು ಪೇಟದ ಅಂಚಿನಿಂದ ಮೂಗು ಮುಚ್ಚಿಕೊಂಡರು. ಮುಂದಿನ ಉಬ್ಬಿದ ನೀರು ಬೋಟಿನ ಅಂಚಿಗಿಂತ ಎರಡು ಬೆರಳು ಕೆಳಗೆ ನಿಂತಿತ್ತು. ಅದಕ್ಕಿಂತ ಎರಡು ಮೊಳ ಈಚೆ ಅರ್ಬಾಬರ ದಿಶ್ದಾಶ.

"ಬಂದ್ ಮಾಡ್ರಿ!" ಮುಂದಿನಿಂದ ಎಂಜಿನಿಯರ್ ಕೂಗಿದರು.

"ಬಂದ್ ಮಾಡಿದ್ರೆ ಇಲ್ಲೇ ಉಳೀತೇವೆ ಮಾರಾಯ್ರೆ!"

"ಈಗೇನ್ ಹೊಂಟೀವೇನ್ರಿ?"

ಅರ್ಬಾಬ್ ಕೆಮ್ಮುತ್ತ ಹಿಂತಿರುಗಿ ನೋಡಿದರು. "ಖಲಾಸ್, ಉಸ್ತಾದ್?"

ಮುಗಿಯಿತೇ ಎಂದು ಕೇಳಿದ್ದು ಬೋಟಿನ ವಿಷಯ. ನಾನು ಕೇಳಿಸಿಕೊಂಡದ್ದು ಹುದ್ದೆಯ ವಿಷಯ. ಅಚ್ಚು ಹಾಕುವ ಹುಡುಗರ ಸಾಲಿನಲ್ಲಿ ಸಾಯುವವರೆಗೂ ಹೆಲ್ಪರ್ ಎಂದು ಸಹಿ ಮಾಡುತ್ತ ನಿಂತಿರುವ ನನ್ನ ಚಿತ್ರ ಆ ಹೊಗೆಯಲ್ಲೂ ಸ್ಪಷ್ಟವಾಗಿ ಕಂಡಿತು. ಕೀಲಿ ತಿರುಗಿಸಿದೆ. ಎಂಜಿನ್ ನಿಂತಿತು.

ಆಗ ಆದದ್ದನ್ನು ಬರೆಯಲು ಇವತ್ತಿಗೂ ನನಗೆ ಇಷ್ಟವಿಲ್ಲ. ಮುಂದಿನ ನೀರು ತಾನಾಗಿ ಇಳಿಯಿತು, ಹಿಂದಿನದು ತಾನಾಗಿ ಏರಿತು, ಬೋಟು ತಳದಿಂದ ಮೆಲ್ಲನೆ ಎದ್ದು ತೇಲಿತು. ನಾನು ಏನೂ ಮಾಡದೇ ಇದ್ದದ್ದಷ್ಟೇ ಅದಕ್ಕೆ ಬೇಕಾಗಿತ್ತು.

ಮತ್ತೆ ಎಂಜಿನ್ ಹಾಕಿದರೆ ಹೊಗೆ. ಹುಟ್ಟು ಹಾಕಲು ಮೂರು ಇಂಚಿನಲ್ಲಿ ಜಾಗವಿಲ್ಲ. ಬಿದಿರಿನ ಗಳು ಊರಿ ತಳ್ಳಲು ತಲೆಯ ಮೇಲೆ ಎತ್ತರವಿಲ್ಲ. ಆಗ ಅರ್ಬಾಬ್ ಇದ್ದಕ್ಕಿದ್ದಂತೆ ಮಂಡಿ ತಟ್ಟಿದರು.

"ಇಂಗ್ಲೆಂಡಿನ ಬೋಟಿನವನು ಹೇಳಿದ್ದ! ಎಂಜಿನ್ ಇಲ್ಲದ ಕಾಲದಲ್ಲಿ ಇಬ್ಬರು ಅಂಗಾತ ಮಲಗಿ ಗೋಡೆಯ ಮೇಲೆ ಕಾಲಿನಿಂದ ನಡೆಯುತ್ತಿದ್ದರಂತೆ. ಚಿತ್ರವೂ ತೋರಿಸಿದ್ದ. ಯಲ್ಲಾ, ಮಲಗಿ!"

ನಾನು ಎಂಜಿನಿಯರ್ ಮುಖ ನೋಡಿದೆ. ಅವರು ಆಗಲೇ ಬೂಟು ಬಿಚ್ಚುತ್ತಿದ್ದರು.

ಬೋಟಿನ ಮುಂಭಾಗದ ಹಲಗೆಯ ಮೇಲೆ ಅಡ್ಡಡ್ಡ ಮಲಗಿದೆವು. ನಡುವೆ ಇಬ್ಬರ ತಲೆ ತಲೆ ತಾಗುತ್ತಿತ್ತು, ಮಂಡಿ ಮಡಚಿ ಅವರ ಪಾದ ಬಲಗೋಡೆಗೆ, ನನ್ನದು ಎಡಗೋಡೆಗೆ. ಮೊದಲು ನಾನು ಜೋರಾಗಿ ಒದ್ದೆ. ಬೋಟು ಅವರ ಗೋಡೆಗೆ ಹೋಗಿ ಗುದ್ದಿತು.

"ಒದೀಬ್ಯಾಡ್ರಿ, ನಡೀರಿ. ಮೆತ್ತಗ. ಒಂದ್... ಎರಡ್..."

"ಲೆಕ್ಕ ನನಗೂ ಬರ್ತದೆ."

"ಹಂಗಾರ ನೀವು ಎಣಸ್ರಿ. ನನಗ ದಮ್ ಹತ್ಯದ."

ನಾನು ಎಣಿಸಿದೆ. ಬೋಟು ಹೊರಟಿತು, ಬಸವನಹುಳದ ವೇಗದಲ್ಲಿ, ಆದರೆ ಹೊರಟಿತು. ಹಿಂದೆ ಮೂವರು ಮುದುಕರು ಕಾಫಿ ಬಗ್ಗಿಸಿಕೊಂಡು, ನಮ್ಮ ಎಣಿಕೆಗೆ ಅಂಗೈ ತಟ್ಟಿ ತಾಳ ಹಾಕಲು ಶುರುಮಾಡಿದರು. ಅರ್ಬಾಬರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಮಾನ ಹೋಗುತ್ತಿದ್ದ ಜಾಗ ಅವರಿಗೆ ಇಂಗ್ಲೆಂಡು.

"ನೀವು ಈ ನೀರಿನ ಮಾತನ್ನೆಲ್ಲ ಯಾವ ಪುಸ್ತಕದಲ್ಲಿ ಓದಿದ್ದು?" ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದೆ.

"ಪುಸ್ತಕ ಎಲ್ಲೀದ್ರಿ. ನಮ್ಮ ಹೊಲದ ಬಾಜೂಕ ಸಣ್ಣ ಕಾಲುವಿ ಐತಿ. ಎಮ್ಮಿ ಇಳದು ಅದರಾಗ ಮಕ್ಕೊಂಡ್ರ ಮುಂದ ನೀರು ಏರಿ ಹೊಲಕ್ಕ ಹೊಳ್ಳತಿತ್ತು, ಹಿಂದ ಒಣಗತಿತ್ತು. ಸಣ್ಣಾವಿದ್ದಾಗ ಎಮ್ಮಿ ಎಬ್ಬಸೂದ ನನ್ನ ಕೆಲಸ."

"ಹಾಗಾದ್ರೆ ನಾನು ಕಟ್ಟಿದ್ದು ಎಮ್ಮೆ."

"ಚಲೋ ಎಮ್ಮಿ ಬಿಡ್ರಿ. ಬಣ್ಣ ಭಾಳ ಚಂದ ಬಂದದ."

ಆ ಕತ್ತಲೆಯಲ್ಲಿ, ತಲೆಗೆ ತಲೆ ಕೊಟ್ಟು ಮಲಗಿ, ನನಗೂ ನಗು ಬಂತು. ನಕ್ಕರೆ ಹೆಜ್ಜೆ ತಪ್ಪುತ್ತದೆ. ಬೋಟು ಇನ್ನೊಮ್ಮೆ ಗುದ್ದಿತು, ಮುದುಕರು "ಶ್ವೈ ಶ್ವೈ," ನಿಧಾನ ನಿಧಾನ, ಎಂದು ಕೂಗಿದರು. ಡಿಗ್ರಿಯಿಂದ ಸೋತಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಶಾಲೆಗೆ ಚಕ್ಕರ್ ಹೊಡೆದು ಕಲಿಯಬಹುದಾದ ವಿದ್ಯೆಯಿಂದ ಸೋತಿದ್ದೆ.

ಆಚೆ ಬಾಯಿಂದ ಹೊರಬಂದಾಗ ಬಿಸಿಲು ಇನ್ನೂ ಇತ್ತು. ನನ್ನ ಹಿಮ್ಮಡಿ ಸುಲಿದಿತ್ತು. ಅರ್ಬಾಬ್ ಎದ್ದು ನಿಂತು ದಿಶ್ದಾಶವನ್ನು ಹಿಂದೆ ಮುಂದೆ ನೋಡಿಕೊಂಡರು. ಮಸಿ ಹಿಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಒದ್ದೆ ಮಾತ್ರ ಎಲ್ಲಿಯೂ ಆಗಿರಲಿಲ್ಲ.

"ಒಳ್ಳೆಯ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸಿದಿರಿ," ಎಂದರು, ನಮ್ಮಿಬ್ಬರನ್ನೂ ನೋಡುತ್ತ. "ಇನ್ನು ಎರಡು ಬೆರಳು ನೀರು ಏರಿದ್ದರೆ ನಾವು ಮೀನು. ಆ ಬುದ್ಧಿ ಯಾರದು?"

ಹುದ್ದೆ ಈ ಉತ್ತರದ ಮೇಲೆ ನಿಂತಿದೆ ಎಂದು ನನಗೆ ಗೊತ್ತಿತ್ತು. 'ಇವರದು' ಎನ್ನಬೇಕಿತ್ತು, ಒಂದೇ ಶಬ್ದ. ನಾಲಿಗೆ ಆ ಶಬ್ದವನ್ನು ಹುಡುಕುವಷ್ಟರಲ್ಲಿ ಎಂಜಿನಿಯರ್ ಕಾಲ್ಚೀಲ ಹಾಕಿಕೊಳ್ಳುತ್ತ, ತಲೆ ಎತ್ತದೆ, ಹಿಂದಿಯಲ್ಲಿ ಹೇಳಿದರು: "ನಿಲ್ಲಿಸಿದ್ದು ಉಸ್ತಾದ್."

ನಾನು ಅಲ್ಲ ಎನ್ನಲಿಲ್ಲ.

ಅರ್ಬಾಬ್ ನನ್ನ ಬೆನ್ನು ತಟ್ಟಿ, ಮುಂದಿನ ತಿಂಗಳಿನಿಂದ ಫೋರ್‌ಮನ್ ಎಂದರು. ಬುರೈಮಿಯವರು ಹಲ್ವದ ಬಟ್ಟಲನ್ನೇ ನನ್ನ ಕೈಗಿಟ್ಟರು. ಅವರೆಲ್ಲ ಹೋದ ಮೇಲೆ ನಾನು ಎಂಜಿನಿಯರ್ ಹತ್ತಿರ ಹೋದೆ.

"ಅದೆಂತ ಹಾಗೆ ಹೇಳಿದ್ದು ನೀವು?"

"ಸುಳ್ಳೇನ್ ಹೇಳೀನ್ರಿ? ಕೀಲಿ ತಿರುವಿದ ಕೈ ನಿಮ್ದ. ಮತ್ತ ನನಗ ಆ ಹುದ್ದೆ ತಗೊಂಡು ಏನ್ ಮಾಡೂದೈತಿ, ಫೈಬರ್ ವಾಸನಿಗೆ ನನಗ ಸೀನು ಬರ್ತಾವು." ಬಟ್ಟಲಿಗೆ ಕೈ ಹಾಕುತ್ತ, "ಹಲ್ವಾ ಒಬ್ರ ತಿನ್ನವರೇನು?" ಎಂದರು.

ಬೋಟನ್ನು ಒಂದು ಅಡಿ ಕಿರಿದು ಮಾಡಿಕೊಡುತ್ತೇನೆ, ಎಂಜಿನ್ನಿನಲ್ಲೇ ಹೋಗಬಹುದು ಎಂದು ಮಾರನೆಯ ವಾರ ಅರ್ಬಾಬರಿಗೆ ಹೇಳಿದೆ. ಅವರು ಹೌಹಾರಿದರು. ಬೋಟನ್ನು ಮುಟ್ಟಬೇಡ, ಎಂಜಿನ್ ಕಿತ್ತುಹಾಕು ಎಂದರು. ಹಾಗೆ ಎರಡು ಚಳಿಗಾಲ, ಅತಿಥಿಗಳು ಬಂದ ಶುಕ್ರವಾರಗಳಲ್ಲೆಲ್ಲ, ವರ್ಕ್‌ಶಾಪಿನ ಹೊಸ ಫೋರ್‌ಮನ್ ಅಂಗಾತ ಮಲಗಿ ಗೋಡೆಯ ಮೇಲೆ ನಡೆದ. ಎಂಜಿನಿಯರ್ ತಮ್ಮ ಮಕ್ಕಳನ್ನೂ ಕರೆತರುತ್ತಿದ್ದರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ನನ್ನ ತಲೆಯ ಹತ್ತಿರ ಕೂತು "ಅಂಕಲ್, ಫಾಸ್ಟರ್!" ಎಂದು ಹುರಿದುಂಬಿಸುತ್ತಿದ್ದರು. ಅವರ ಅಪ್ಪ ಆಚೆ ಗೋಡೆಯಲ್ಲಿ ನಡೆಯುತ್ತ ಕಿಸಕ್ಕನೆ ನಗುತ್ತಿದ್ದರು.

ಎಂಜಿನ್ ನಿಲ್ಲಿಸಲು ಹೇಳಿದ್ದು ಯಾರು ಎಂದು ಅರ್ಬಾಬರಿಗೆ ನಾನು ಹೇಳಿದ್ದು ಮೂರು ವರ್ಷದ ನಂತರ. ಅವರು, "ಗೊತ್ತಿತ್ತು, ಸುರಂಗದಲ್ಲಿ ನನಗೂ ಕಿವಿ ಇತ್ತು," ಎಂದರು. ಹುದ್ದೆ ಕಿತ್ತುಕೊಳ್ಳಲಿಲ್ಲ. ನಾನಾಗಿ ಬಿಡುವಷ್ಟು ದೊಡ್ಡವನು ನಾನೂ ಅಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು: ಫೋರ್‌ಮನ್ ಎಂದು ಬರೆದ ಕಾರ್ಡು ಒಂದು, ವರ್ಕ್‌ಶಾಪಿನ ಬೀಗದ ಕೈ ಮೂರು, ಕೈಕೆಳಗೆ ಹನ್ನೊಂದು ಜನ, ಬೋಟಿನ ಅಚ್ಚು ನಾಲ್ಕು, ಟ್ಯಾಂಕಿನ ಅಚ್ಚು ಎರಡು, ಮಂಡಿ ಎರಡು, ಅದರಲ್ಲಿ ನೋಯದೇ ಇರುವುದು ಒಂದು, ಮತ್ತು ಅಲ್ ಹೈಲ್‌ನಲ್ಲಿ ಹೇಳದೆಯೇ ಜೋಳದ ರೊಟ್ಟಿಯ ಊಟಕ್ಕೆ ಹೋಗಬಹುದಾದ ಮನೆ ಒಂದು.