ಕೀಬೋರ್ಡಿಲ್ಲದ ಕಂಪ್ಯೂಟರಿಗೆ ಯಮನಪ್ಪನ ಕವರು

ನಮ್ಮ ಮನೆಯ ಹಿಂದಿನ ಶೀಟಿನ ಮನೆಯಲ್ಲಿ ಹದಿನೆಂಟು ವರ್ಷದಿಂದ ಬಾಡಿಗೆಗಿರುವ ಯಮನಪ್ಪ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರಿಗೆ ಹಾಗನ್ನಿಸದೆ ಹೋಗಬಹುದು. ಕುಡಿಯುವುದಿಲ್ಲ, ಹೆಂಡತಿ ಹೊಳೆವ್ವನ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ನಮ್ಮ ಯಜಮಾನರು ತೀರಿಕೊಂಡಾಗ ಮೂರು ದಿನ ಕೆಲಸ ಬಿಟ್ಟು ನಮ್ಮ ಬಾಗಿಲಲ್ಲೇ ಇದ್ದ. ಅವನಿಗಿರುವುದು ಒಂದೇ ಚಟ. ಇನ್ನೂ ಹುಟ್ಟದ ಕಂಪ್ಯೂಟರು ಹೇಗಿರುತ್ತದೆ ಎಂದು ಈಗಲೇ ಹೇಳುವುದು.

ಬಾದಾಮಿ ಕಡೆಯಿಂದ ಬಾಗಲಗುಂಟೆಗೆ ಬಂದ ಹೊಸದರಲ್ಲಿ ಅವನು ಕಂಪ್ಯೂಟರಿಗೆ ಬಟ್ಟೆಯ ಕವರು ಹೊಲಿದು ಮಾರುತ್ತಿದ್ದ. ಆಗ ಪೀಣ್ಯದ ಪ್ರತಿ ಆಫೀಸಿನಲ್ಲೂ ಕುಂಬಳಕಾಯಿಯ ಹಾಗೆ ಹಿಂದೆ ಉಬ್ಬಿದ ಪರದೆ. ಧೂಳು ಕೂರಬಾರದೆಂದು ಅದಕ್ಕೊಂದು ಮುಸುಕು. ಮುನ್ನೂರು ಕವರು ಹೊಲಿದು ಗಂಟು ಕಟ್ಟಿಟ್ಟ, ಆ ವರ್ಷವೇ ಎಲ್ಲರೂ ಚಪ್ಪಟೆ ಪರದೆ ತಂದು ಕೂರಿಸಿದರು. ಹೊಳೆವ್ವ ಆ ಕವರುಗಳಲ್ಲಿ ಎಷ್ಟೋ ವರ್ಷ ಈರುಳ್ಳಿ ತುಂಬಿಸಿಟ್ಟಳು. ಅವತ್ತೇ ಅವನ ತಲೆಗೆ ಹೊಕ್ಕಿತು, ಮುಂದೇನು ಬರುತ್ತದೆ ಎಂದು ಮೊದಲೇ ತಿಳಿದುಕೊಳ್ಳದವನು ಕೆಟ್ಟ ಎಂದು. ತಿಳಿದುಕೊಂಡರೆ ಒಳ್ಳೆಯದೇ. ಇವನು ತಿಳಿದುಕೊಳ್ಳುವುದಿಲ್ಲ, ಊಹಿಸುತ್ತಾನೆ.

ಕವರು ಮುಳುಗಿದ ಮೇಲೆ ತಗಡು ಒತ್ತುವ ಪವರ್ ಪ್ರೆಸ್ಸಿಗೆ ಸೇರಿದ. ಏಳನೆಯ ವರ್ಷ ಎಡಗೈಯ ಎರಡು ಬೆರಳಿನ ತುದಿ ಹೋಯಿತು. ಆಸ್ಪತ್ರೆಯಿಂದ ಬಂದ ದಿನ ಹೊಳೆವ್ವ ನಮ್ಮ ಜಗಲಿಯಲ್ಲಿ ಕೂತು ಅವನಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಉಳಿದ ಎಂಟು ನನ್ನವು. ಆ ಪ್ರೆಸ್ಸಿಗೆ ಇನ್ನ ಕೊಡಂಗಿಲ್ರಿ." ಕೆಲಸ ಬಿಡಿಸಿದಳು. ಒಂದು ಹಳೆಯ ಕೈಪ್ರೆಸ್ಸು ತಂದು ಶೀಟಿನ ಮನೆಯ ಪಕ್ಕದ ಚಪ್ಪರದಲ್ಲಿ ಇಟ್ಟುಕೊಂಡು ಲ್ಯಾಪ್‌ಟಾಪಿಗೆ ರೆಕ್ಸಿನ್ ಕವರು ಕತ್ತರಿಸತೊಡಗಿದರು.

ಆ ಕೆಲಸ ಹೀಗೆ. ಹಲಗೆಯ ಮೇಲೆ ಲ್ಯಾಪ್‌ಟಾಪಿನ ಆಕಾರಕ್ಕೆ ಬ್ಲೇಡು ಬಗ್ಗಿಸಿ ಕೂರಿಸಬೇಕು, ಅದಕ್ಕೆ ಡೈ ಅನ್ನುತ್ತಾರೆ. ಮೇಲೆ ರೆಕ್ಸಿನ್ ಹಾಸಿ ಒತ್ತಿದರೆ ಕವರಿನ ಆಕಾರ ಕತ್ತರಿಸಿ ಬರುತ್ತದೆ. ನಾಲ್ಕು ಪಕ್ಕ ಮೇಲಕ್ಕೆ ಮಡಿಚಿ ಹೊಲಿದರೆ ಲ್ಯಾಪ್‌ಟಾಪು ಅದರೊಳಗೆ ತಟ್ಟೆಯಲ್ಲಿ ಕೂತಂತೆ ಕೂರುತ್ತದೆ. ವೈರು ಚುಚ್ಚುವ ಜಾಗದಲ್ಲಿ ಕಂಡಿ ಬಿಡಬೇಕು. ಕಂಡಿ ಒಂದು ಬೆರಳು ಆಚೆ ಈಚೆ ಆದರೂ ಕವರು ದಂಡ.

ಈ ಕವರುಗಳನ್ನು ಕೊಳ್ಳುವವನು ಅಮರೇಶ್, ಇಂಜಿನಿಯರಿಂಗ್ ಓದಿದ ಹುಡುಗ. ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಮಾರುತ್ತಾನೆ. ಹೊಸ ಮಾಡಲ್ ಅಂಗಡಿಗೆ ಬಂದ ದಿನವೇ ಯಾರ ಹತ್ತಿರ ಕವರು ಇರುತ್ತದೋ ಅವರಿಗೆ ವ್ಯಾಪಾರ. ಹಾಗಾಗಿ ಲ್ಯಾಪ್‌ಟಾಪು ಬರುವ ಮೊದಲೇ ಡೈ ಮಾಡಬೇಕು. ಅಲ್ಲಿಯವರೆಗೆ ಯಮನಪ್ಪನ ಚಟಕ್ಕೂ ಒಂದು ಅರ್ಥ ಇದೆ, ಒಪ್ಪುತ್ತೇನೆ. ಆದರೆ ಒಂದು ವರ್ಷ, ಚಾರ್ಜರಿನ ದುಂಡು ಪಿನ್ನು ಇನ್ನೂ ಹತ್ತು ವರ್ಷ ಎಲ್ಲೂ ಹೋಗುವುದಿಲ್ಲ ಅಂದ, ಚಪ್ಪಟೆ ಪಿನ್ನು ಬಂತು. ಮಾರನೆಯ ವರ್ಷ, ಹೊಸ ಓಎಸ್ಸಿನಲ್ಲಿ, ಅಂದರೆ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ, ಪರದೆಯ ಮೇಲೇ ಬರೆಯುತ್ತಾರೆ ಎಂದು ಪೆನ್ನು ಸಿಕ್ಕಿಸಲು ಕುಣಿಕೆ ಹೊಲಿದ. ಪೆನ್ನು ಬರಲಿಲ್ಲ. ಆ ಕುಣಿಕೆಯಲ್ಲಿ ಹೊಳೆವ್ವ ಊದುಬತ್ತಿ ಸಿಕ್ಕಿಸಿ ನನಗೆ ತೋರಿಸಿದಳು. ನಗಲಿಲ್ಲ ಅವಳು.

ಈ ವರ್ಷ ದಸರಾ ಮುಗಿದ ವಾರ ಅಮರೇಶ್ ಫೋನ್ ಮಾಡಿದ. ದೀಪಾವಳಿಗೆ ದೊಡ್ಡ ಕಂಪನಿಯೊಂದರ ಹೊಸ ಲ್ಯಾಪ್‌ಟಾಪ್ ಬರುತ್ತದೆ, ಡ್ರಾಯಿಂಗು ಸಿಕ್ಕಿದೆ, ಬಂದ ದಿನ ಸರಿಯಾದ ಇನ್ನೂರು ಕವರು ಕೊಟ್ಟರೆ ಇಡೀ ವರ್ಷದ ಆರ್ಡರು ನಿಮಗೇ, ಇಲ್ಲವಾದರೆ ಮಾಕಳಿಯಲ್ಲಿ ಇದೇ ಕವರು ಕತ್ತರಿಸುವವರಿಗೆ ಅಂದ. ಇನ್ನೂರಕ್ಕೆ ಸರಿಯಾಗಿ ರೆಕ್ಸಿನ್ನೂ ಕಳಿಸಿದ, ಅವನದೇ ಬಣ್ಣ, ಬೇರೆಲ್ಲೂ ಸಿಗದ್ದು.

ಅವತ್ತು ಮಧ್ಯಾಹ್ನ ಹೊಳೆವ್ವ ನನ್ನ ಹತ್ತಿರ ಬಂದು ಬೆಳ್ಳುಳ್ಳಿ ಸುಲಿಯುತ್ತಾ ಕೂತಳು.

"ಅಮ್ಮಾರ, ಪವರ್ ಪ್ರೆಸ್ಸಿನ ಭೀಮಪ್ಪ ಮತ್ತ ಫೋನ್ ಹಚ್ಯಾನ. ಜಾಗ ಖಾಲಿ ಐತಿ ಬಾ ಅಂತ. ಈ ಆರ್ಡರ್ ಕೈ ಬಿಟ್ರ ನಾ ಹೋಗ್ತೀನಿ ಅಂತಾರ ಇವ್ರು."

"ಓಗಕ್ಕೆ ನೀನ್ ಬಿಡ್ತೀಯಾ?"

"ಬಿಡಲಿಲ್ಲಂದ್ರ ಉಣ್ಣೂದೇನ್ರಿ? ನೀವು ಕಟಿಂಗ್ ಮಾಡಿದವ್ರು. ಒಮ್ಮೆ ಆ ಹಾಳಿ ನೋಡ್ರಿ. ನಾ ಕೇಳಿದ್ರ ನಿನಗ ತಿಳಿಯಂಗಿಲ್ಲ ಅಂತಾರ."

ನಾನು ಓದಿದ್ದು ನಾಲ್ಕನೆಯ ಕ್ಲಾಸು. ಆದರೆ ಪೀಣ್ಯದ ಗಾರ್ಮೆಂಟ್ಸಿನ ಕಟಿಂಗ್ ಸೆಕ್ಷನ್ನಿನಲ್ಲಿ ಇಪ್ಪತ್ತನಾಲ್ಕು ವರ್ಷ ನಿಂತಿದ್ದೇನೆ. ಅಲ್ಲಿ ಮೊದಲು ಕಲಿಸುವುದು ಒಂದೇ. ಪ್ಯಾಟರ್ನ್ ಹಾಳೆ ಕೈಗೆ ಬಂದರೆ ಯಾವ ಮೈ ಮೇಲೆ ಎಂದು ಕೇಳಬೇಕು. ತಿರುಗಿಸಿಟ್ಟು ಕತ್ತರಿಸಿದರೆ ಅಂಗಿಗೆ ಎರಡೂ ಎಡತೋಳೇ ಬರುತ್ತವೆ. ಸೇರಿದ ವರ್ಷ ನಾನೇ ನಾನೂರು ಎಡತೋಳು ಕತ್ತರಿಸಿದ್ದೆ. ಅವತ್ತು ಮಾಸ್ಟರು ಅಂದದ್ದನ್ನು ಬರೆಯುವ ಹಾಗಿಲ್ಲ.

ಚಪ್ಪರಕ್ಕೆ ಹೋದೆ. ಯಮನಪ್ಪ ಡ್ರಾಯಿಂಗನ್ನು ಪೂರ್ತಿ ಅಳತೆಗೆ ಪ್ರಿಂಟ್ ಹಾಕಿಸಿ ಹಲಗೆಗೆ ಅಂಟಿಸಿ, ಆಗಲೇ ಬ್ಲೇಡು ಬಗ್ಗಿಸಿ ಕೂರಿಸುತ್ತಿದ್ದ. ಹಾಳೆಯಲ್ಲಿ ಸುಮ್ಮನೆ ಒಂದು ಚೌಕ. ಒಂದು ಪಕ್ಕಕ್ಕೆ ಮೂರು ಕಂಡಿಯ ಗುರುತು, ಇನ್ನೊಂದು ಪಕ್ಕಕ್ಕೆ ಒಂದು. ನಾಲ್ಕು ಮೂಲೆಯಲ್ಲಿ ನಾಲ್ಕು ಸೊನ್ನೆ.

"ಇದು ಯಾವ ಮೈ ಕಣಯ್ಯ?" ಅಂದೆ.

"ಇದು ಅಂಗಿ ಅರಬಿ ಅಲ್ರಿ ಯವ್ವಾ, ಕಂಪ್ಯೂಟರ."

"ಕಂಪ್ಯೂಟರ್‌ಗೂ ಮೇಲು ಕೆಳಗು ಇರ್ತದೆ."

"ಮ್ಯಾಲಿಂದ ನೋಡಿದ್ದು ಇದು."

"ಮೇಲಿಂದ ನೋಡಿದ್ರೆ ಕೀಬೋರ್ಡ್ ಎಲ್ಲೋಯ್ತು?"

ಈ ಪ್ರಶ್ನೆಗಾಗಿಯೇ ಕಾದಿದ್ದವನ ಹಾಗೆ ಸುತ್ತಿಗೆ ಕೆಳಗಿಟ್ಟ. "ಅದನ್ನ ಕೇಳ್ರಿ ಮತ್ತ. ಕೀಬೋರ್ಡ್ ಇಲ್ಲರಿ. ಹೊಸಾ ಓಎಸ್ ಬರಾಕತ್ತೈತಿ. ಟೈಪ್ ಮಾಡೂದಿಲ್ಲ, ಮಾತಾಡೂದು. ಪತ್ರ ಬರಿ ಅಂದ್ರ ಬರೀತೈತಿ, ಹಾಡು ಹಚ್ಚು ಅಂದ್ರ ಹಚ್ಚತೈತಿ. ಓಎಸ್ ಬದಲಾದ್ರ ಮಶೀನಿನ ಮೈನೂ ಬದಲಾಗಬೇಕಲ್ರಿ?"

"ಈ ನಾಕು ಸೊನ್ನೆ?"

"ಕಿವಿರಿ. ಯಾ ಮೂಲ್ಯಾಗ ಕುಂತು ಮಾತಾಡಿದ್ರೂ ಕೇಳಬೇಕಲ್ಲ."

ಎರಡು ಕಿವಿ ಇಟ್ಟುಕೊಂಡು ಹೇಳಿದ ಮಾತು ಕೇಳುವ ಗಂಡಸನ್ನು ನಾನು ಈ ಎಪ್ಪತ್ತೆರಡು ವರ್ಷದಲ್ಲಿ ಕಂಡಿಲ್ಲ. ಇವನು ನಾಲ್ಕು ಕಿವಿಯದನ್ನು ಕಂಡುಹಿಡಿದಿದ್ದ. ಆ ನಾಲ್ಕು ಸೊನ್ನೆಯನ್ನು ತಲೆಯಲ್ಲಿಟ್ಟುಕೊಂಡು ಮನೆಗೆ ಬಂದೆ.

ಮಾರನೆಯ ದಿನ ಬೆಳಗ್ಗೆ ಚಟ್ನಿ ಅರೆದ ಮಿಕ್ಸಿ ಒರೆಸಲೆಂದು ಬೋರಲು ಹಾಕಿದೆ. ನೋಡಿದರೆ ನಾಲ್ಕು ಮೂಲೆಯಲ್ಲಿ ನಾಲ್ಕು ರಬ್ಬರ್ ಬಿರಡೆ. ಅಲ್ಲೇ ನಿಂತು ಕೂಗಿದೆ. ಯಮನಪ್ಪ ಬಂದ, ಹಿಂದೆ ಹೊಳೆವ್ವ.

"ಬಾರಯ್ಯ. ಇದರ ಕಿವಿ ಎಣ್ಸು."

ಅವನು ಮಿಕ್ಸಿಯನ್ನು ನೋಡಿದ, ನನ್ನನ್ನು ನೋಡಿದ. "ಅದು ಮಿಕ್ಸಿರಿ."

"ಮೇಜಿನ ಮೇಲೆ ಕೂರೋ ಯಾವ್ದಕ್ಕಾದ್ರೂ ಕಾಲು ಇರ್ತವೆ. ನಿನ್ ಅಮರೇಶ ಕೊಟ್ಟಿರೋದು ಕೆಳಗಿನ ಮೈ. ಅದಕ್ಕೇ ಕೀಬೋರ್ಡ್ ಇಲ್ಲ. ನೀನು ಮೇಲಿಂದ ಅಂತ ಕತ್ತರಿಸಿದ್ರೆ ಮೂರು ಕಂಡಿ ಬರಬೇಕಾದ ಕಡೆ ಒಂದು ಬರ್ತದೆ, ಒಂದರ ಕಡೆ ಮೂರು."

ಹೊಳೆವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ಯಮನಪ್ಪ ಫೋನು ತೆಗೆದು ಅಮರೇಶನಿಗೆ ಹಚ್ಚಿ ಸ್ಪೀಕರಿಗೆ ಹಾಕಿದ.

"ಯಮನಪ್ಪಣ್ಣ, ಆ ಡ್ರಾಯಿಂಗ್ ಎಲ್ಲಿಂದ ಬಂತು ಅಂತ ನನಗೇ ಗೊತ್ತಿಲ್ಲ, ಫಾರ್ವರ್ಡ್ ಆಗಿ ಬಂದಿದ್ದು," ಅಂದ ಅವನು. "ವಾಯ್ಸ್ ಅಂತೂ ಬರ್ತಿದೆ, ಅದು ಪಕ್ಕಾ. ಕೀಬೋರ್ಡ್ ಇರಲ್ಲ ಅಂತ ನಾನು ಹೇಳಿಲ್ಲ, ಇರುತ್ತೆ ಅಂತಾನೂ ಹೇಳಲ್ಲ. ನನಗೆ ಬೇಕಿರೋದು ಫಿಟ್ ಆಗೋ ಇನ್ನೂರು ಪೀಸ್ ಅಷ್ಟೇ."

ಇಷ್ಟು ಓದಿದವನ ಬಾಯಲ್ಲಿ ಇಷ್ಟೇ ಮಾತು. ಫೋನು ಇಟ್ಟ ಮೇಲೆ ನಾನು ಯಮನಪ್ಪನಿಗೆ ಬಿಡಿಸಿ ಹೇಳಿದೆ. ಡೈ ಬದಲಿಸುವುದು ಬೇಡ, ಹೊಸ ಬ್ಲೇಡು ಬೇಡ. ರೆಕ್ಸಿನ್ನನ್ನು ಮಗುಚಿ, ಹೊಳಪಿನ ಮೈಯನ್ನು ಇನ್ನೊಂದು ಕಡೆಗೆ ಮಾಡಿ ಒತ್ತು, ಎಡ ಬಲ ತಾನಾಗಿ ಬದಲಾಗುತ್ತದೆ. ಕಟಿಂಗ್ ಟೇಬಲ್ಲಿನಲ್ಲಿ ನಾವು ಬಲತೋಳು ಮಾಡುವುದು ಹಾಗೆಯೇ. ಅವನು ತಲೆಯಾಡಿಸಿದ. ತಲೆಯಾಡಿಸಿದ್ದನ್ನು ಒಪ್ಪಿದ್ದು ಎಂದುಕೊಂಡದ್ದು ನನ್ನ ತಪ್ಪು.

ಮೂರು ದಿನ ಬಿಟ್ಟು ಚಪ್ಪರಕ್ಕೆ ಹೋದರೆ ಗೋಡೆಗೆ ಒರಗಿಸಿ ಎರಡು ರಾಶಿ ಇತ್ತು.

"ಯಾಕಯ್ಯ ಎರಡು?"

"ನೂರು ನೀವು ಹೇಳಿದಂಗ, ನೂರು ನಾ ಅಂದಂಗ. ಯಾವುದು ಬಂದ್ರೂ ನಾವು ಉಳೀತೀವಿ ನೋಡ್ರಿ."

"ಮನುಷ್ಯನಿಗೆ ಬಲಗೈ ಇರ್ತದೋ ಇಲ್ವೋ ಅಂತ ಅರ್ಧ ಅಂಗಿಗೆ ಎರಡು ಎಡತೋಳು ಇಟ್ಟೋರ್ನ ಎಲ್ಲಾದ್ರೂ ಕಂಡಿದ್ದೀಯಾ? ಅವನು ಕೇಳಿರೋದು ಇನ್ನೂರು. ರೆಕ್ಸಿನ್ ಇನ್ನೆಲ್ಲಿದೆ?"

ಅವನು ಪೊರಕೆ ಎತ್ತಿಕೊಂಡು ನೆಲ ಗುಡಿಸತೊಡಗಿದ. ಸಿಟ್ಟು ಬಂದಾಗ ನೆಲ ಗುಡಿಸುವುದು ಹೆಂಗಸರ ರೂಢಿ. ಆ ಮನೆಯಲ್ಲಿ ಅದೂ ಅವನದೇ. ಹೊಳೆವ್ವ ಬಾಗಿಲಲ್ಲಿ ನಿಂತು ಆ ಎರಡು ರಾಶಿ ನೋಡುತ್ತಿದ್ದಳು. ಅವಳ ಮುಖ ನೋಡಲಾರದೆ ನಾನು ಬಂದುಬಿಟ್ಟೆ.

ಲ್ಯಾಪ್‌ಟಾಪು ಬಿಡುಗಡೆಯಾದ ಶನಿವಾರ ನಾವು ಮೂವರೂ ಆಟೋದಲ್ಲಿ ತುಮಕೂರು ರಸ್ತೆಯ ಶೋರೂಮಿಗೆ ಹೋದೆವು. ಚೀಲದಲ್ಲಿ ಎರಡು ಕವರು, ರಾಶಿಗೊಂದು. ಒಳಗೆ ಗಾಜಿನ ಮೇಜಿನ ಮೇಲೆ ಅದು ತೆರೆದುಕೊಂಡು ಕೂತಿತ್ತು. ಸಾಲು ಸಾಲಾಗಿ ಕೀಬೋರ್ಡು.

ಯಮನಪ್ಪ ಅದನ್ನು ಬಹಳ ಹೊತ್ತು ನೋಡಿದ. ನಾನು ಏನೂ ಅನ್ನಬಾರದೆಂದು ಆಟೋದಲ್ಲೇ ನಿರ್ಧರಿಸಿದ್ದೆ. ಹೊಳೆವ್ವ ಅಂದಳು, "ಕೀಬೋರ್ಡ್ ಐತಲ್ರಿ."

ಸ್ಫೂರ್ತಿ ಎಂದು ಎದೆಯ ಮೇಲೆ ಹೆಸರು ಚುಚ್ಚಿಕೊಂಡ ಹುಡುಗಿ ಬಂದು, "ಏನ್ ನೋಡ್ತಿದ್ದೀರಾ ಸಾರ್? ಫೀಚರ್ಸ್ ಹೇಳ್ಲಾ?" ಅಂದಳು.

"ಫೀಚರ್ ಬ್ಯಾಡ್ರಿ ಮೇಡಂ. ಸ್ವಲ್ಪ ಬೋರಲ ಹಾಕ್ರಿ ಅದನ್ನ."

"ಬೋರಲಾ?"

"ಅದರ ಕಾಲು ನೋಡಬೇಕಿತ್ತವ್ವಾ," ಅಂದೆ ನಾನು.

ಅವಳಿಗೆ ನಾವು ಹುಚ್ಚರೆಂದು ಅನ್ನಿಸಿರಬೇಕು, ಆದರೂ ಮುಚ್ಚಿ, ಎತ್ತಿ ತೋರಿಸಿದಳು. ನಾಲ್ಕು ಮೂಲೆಯಲ್ಲಿ ನಾಲ್ಕು ಕಪ್ಪು ರಬ್ಬರು. ಯಮನಪ್ಪ ತಾನು ಅಂದಂತೆ ಕತ್ತರಿಸಿದ ಕವರು ಮೊದಲು ತೊಡಿಸಿದ. ಚಾರ್ಜರಿನ ತೂತು ರೆಕ್ಸಿನ್ನಿನ ಹಿಂದೆ ಮುಚ್ಚಿಹೋಯಿತು. ಎರಡನೆಯದು ಒಗ್ಗಿಕೊಂಡು ಕೂತಿತು, ಒಂದು ನೂಲು ಆಚೆ ಈಚೆ ಇಲ್ಲ. "ತುಂಬಾ ನೀಟಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಆ ಹುಡುಗಿ ಕೇಳಿದಳು. ಯಮನಪ್ಪ ಎರಡೂ ಕವರುಗಳನ್ನು ಚೀಲಕ್ಕೆ ತುರುಕಿದ.

ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ಯಮನಪ್ಪ ಅಂದ, "ಈ ಸಲ ಕೀಬೋರ್ಡ್ ಉಳೀತು. ಮುಂದಿನ ಓಎಸ್‌ಗೆ ಹೋಗತೈತಿ, ಬರದಿಟ್ಟುಕೋರಿ."

ಹೊಳೆವ್ವ ಆಟೋ ನಿಲ್ಲಿಸಿ ಇಳಿದು ಮನೆಯವರೆಗೆ ನಡೆದುಕೊಂಡು ಬಂದಳು.

ಅಮರೇಶ್ ಸರಿಯಾಗಿ ಕೂತ ನೂರನ್ನು ತೆಗೆದುಕೊಂಡ. ಉಳಿದ ನೂರು ಮಾಕಳಿಯವರಿಂದ ತರಿಸಿದ. ವರ್ಷದ ಆರ್ಡರನ್ನೂ ಹಾಗೆಯೇ ಇಬ್ಬರಿಗೂ ಹಂಚಿದ. ಅರ್ಧ ಆರ್ಡರಿನಲ್ಲಿ ಒಂದು ಸಂಸಾರ ನಡೆಯುವುದಿಲ್ಲ. ಸೋಮವಾರದಿಂದ ಬುಧವಾರದವರೆಗೆ ಯಮನಪ್ಪ ಭೀಮಪ್ಪನ ಪ್ರೆಸ್ಸಿಗೆ ಹೋಗತೊಡಗಿದ. ಆ ಮೂರು ದಿನ ಹೊಳೆವ್ವ ಒಂದು ಕಡೆ ಕೂರುವುದಿಲ್ಲ. ಫೋನು ಗುಂಯ್ ಅಂದರೆ ಬೆಚ್ಚುತ್ತಾಳೆ. ಏನೋ ಮಾರಲು ಕರೆಯುವವರ ಫೋನು, ಗ್ಯಾಸಿನವನ ಫೋನು, ಎಲ್ಲವೂ ಅವಳಿಗೆ ಆಸ್ಪತ್ರೆಯ ಫೋನೇ.

ಇವತ್ತು ಮಂಗಳವಾರ. ಯುಗಾದಿಗೆ ಬರುವ ಚಿಕ್ಕ ಲ್ಯಾಪ್‌ಟಾಪಿನ ಡ್ರಾಯಿಂಗನ್ನು ಅಮರೇಶ್ ಬೆಳಗ್ಗೆ ಹೊಳೆವ್ವನ ಫೋನಿಗೆ ಕಳಿಸಿದ. ಗಂಡನ ನಂಬರಿಗೆ ಕಳಿಸಬೇಡಿ ಎಂದು ಅವಳೇ ಹೇಳಿದ್ದಳಂತೆ. ಇದಕ್ಕೆ ಸರಿಯಾದ ಇನ್ನೂರು ಕೊಟ್ಟರೆ ಮಾಕಳಿಯವರ ಪಾಲೂ ನಿಮಗೆ ಎಂದು ಅವನ ಬಾಯಿಂದ ಮಾತನ್ನೂ ತೆಗೆದುಕೊಂಡಿದ್ದಾಳೆ. ಪ್ರಿಂಟ್ ಹಾಕಿಸಿಕೊಂಡು ಬಂದು ನನ್ನ ಮುಂದೆ ಹರವಿದಳು. ಇಬ್ಬರೂ ಕೂತು ಇದು ಯಾವ ಮೈ ಎಂದು ಊಟ ಮರೆತು ನೋಡಿದೆವು. ಅಮರೇಶನ ರೆಕ್ಸಿನ್ ನಿನ್ನೆಯೇ ಬಂದಿತ್ತು. ಡೈ ಮಾಡುವವನ ಅಂಗಡಿಗೆ ಅವಳೇ ಹೋಗಿ ಮಾಡಿಸಿ ತಂದಳು.

"ಅವ್ರು ಬರೂದ್ರಾಗ ಮುಗಿಸಿಬಿಡೂಣು ಅಮ್ಮಾರ. ಮುಗಿದ ಮ್ಯಾಲ ಏನ್ ಬೇಕಾದ್ದು ಹೇಳಿಕೊಳ್ಳಲಿ, ಮುಂದ ಕಂಪ್ಯೂಟರಿಗೆ ರೆಕ್ಕಿ ಬರತಾವ ಅಂತ ಬೇಕಾದ್ರೂ ಹೇಳಲಿ."

ನನ್ನ ಮಂಡಿಗೆ ನಿಲ್ಲಲಾಗುವುದಿಲ್ಲ, ಸ್ಟೂಲಿನ ಮೇಲೆ ಕೂತು ರೆಕ್ಸಿನ್ ಹಾಸಿ ಕೊಡುತ್ತಿದ್ದೇನೆ, ಅವಳು ಒತ್ತುತ್ತಿದ್ದಾಳೆ. ಪ್ರೆಸ್ಸಿನ ಪಾಳಿ ಆರಕ್ಕೆ ಬಿಡುತ್ತದೆ. ಈಗ ನಾಲ್ಕೂಮುಕ್ಕಾಲು. ನೂರಾ ಹತ್ತು ಆಗಿವೆ, ಎಲ್ಲವೂ ಒಂದೇ ರಾಶಿ.